ಮರುಕಳಿಸುವ ದೋಷ ಮತ್ತು ನಿದಾನ: ಕಾರಿನ ಹವಾನಿಯಂತ್ರಕದ ಒಂದು ಪಾಠ

ವೈದ್ಯಶಾಸ್ತ್ರದಲ್ಲಿ ನಿದಾನಕ್ಕೆ ಅಗ್ರಸ್ಥಾನ; ಚಿಕಿತ್ಸೆಯು ಅದನ್ನು ಅನುಸರಿಸಿ ಬರತಕ್ಕದ್ದು. ಕಾರಣವನ್ನು ಅರಿಯದೆ ಲಕ್ಷಣವನ್ನು ಮಾತ್ರ ಶಮನಗೊಳಿಸಿದರೆ ರೋಗವು ಮರುಕಳಿಸುವುದು ನಿಶ್ಚಯ. ಯಂತ್ರಗಳ ವಿಷಯದಲ್ಲಿಯೂ ಈ ಮಾತು ಸತ್ಯವೆಂಬುದಕ್ಕೆ ಕಾರಿನ ಹವಾನಿಯಂತ್ರಕವು, ಎಂದರೆ ಜನರ ಬಾಯಲ್ಲಿರುವ ‘ಏಸಿ’ಯು, ಒಳ್ಳೆಯ ನಿದರ್ಶನ. ಕಲಬುರಗಿ, ರಾಯಚೂರುಗಳ ಕಡೆ ಬೇಸಗೆಯ ತಾಪವು 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕಾರಿನ ಏಸಿ ಕೈಕೊಟ್ಟರೆ ಒಡೆಯನು ‘ಗ್ಯಾಸು’ ತುಂಬಿಸುತ್ತಾನೆ. ಕೆಲವು ವಾರ ತಂಪು, ಮತ್ತೆ ಬಿಸಿಗಾಳಿ, ಮತ್ತೆ ಗ್ಯಾಸು. ಈ ಆವರ್ತನದಲ್ಲಿ ಹಣ ವ್ಯಯವಾಗುವುದಲ್ಲದೆ, ಕಡೆಗೆ ಯಂತ್ರದ ಹೃದಯವೆನಿಸಿದ ಕಂಪ್ರೆಸರೇ ಹಾಳಾಗುವುದುಂಟು.

ಮೊದಲು ತತ್ತ್ವವನ್ನು ತಿಳಿಯಬೇಕು. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಉಷ್ಣವನ್ನು ಹೀರಿಕೊಳ್ಳುವುದರಿಂದ ಆ ನೀರು ತಣ್ಣಗಾಗುತ್ತದೆ. ಏಸಿಯಲ್ಲಿಯೂ ನಡೆಯುವುದು ಇದೇ. 1990ರ ದಶಕದಿಂದ ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಆರ್-134ಎ ಎಂಬ ಶೀತಕವು ಸಾಮಾನ್ಯ ವಾಯುಭಾರದಲ್ಲಿ ಸೊನ್ನೆಗಿಂತ ಸುಮಾರು 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕಂಪ್ರೆಸರು ಅದರ ಆವಿಯನ್ನು ಒತ್ತಿ, ಕಾರಿನ ಮುಂಭಾಗದ ಕಂಡೆನ್ಸರಿಗೆ ಕಳುಹಿಸುತ್ತದೆ. ಅಲ್ಲಿ ಉಷ್ಣವನ್ನು ಹೊರಗಾಳಿಗೆ ಬಿಟ್ಟು ಅದು ದ್ರವವಾಗುತ್ತದೆ. ಎಕ್ಸ್‌ಪಾನ್ಷನ್ ವಾಲ್ವಿನ ಕಿರಿದಾದ ರಂಧ್ರವನ್ನು ದಾಟಿ, ಡ್ಯಾಷ್‌ಬೋರ್ಡಿನ ಒಳಗಿರುವ ಇವಾಪೊರೇಟರಿನಲ್ಲಿ ಮತ್ತೆ ಆವಿಯಾಗುತ್ತ ಒಳಗಾಳಿಯ ಉಷ್ಣವನ್ನು ಹೀರುತ್ತದೆ. ಇದು ಮುಚ್ಚಿದ ಚಕ್ರ. ಪೆಟ್ರೋಲಿನಂತೆ ಶೀತಕವು ಉರಿದು ತೀರತಕ್ಕ ವಸ್ತುವಲ್ಲ. ರಬ್ಬರು ಕೊಳವೆಗಳ ಮೂಲಕ ಹಲವು ವರ್ಷಗಳಲ್ಲಿ ಅತ್ಯಲ್ಪ ಅಂಶ ಹೊರಹೋಗುವುದು ಸಹಜ. ಆದರೆ ಪ್ರತಿ ಬೇಸಗೆಯಲ್ಲಿಯೂ ತುಂಬಿಸಬೇಕಾಗಿ ಬಂದರೆ ಎಲ್ಲಿಯೋ ಸೋರಿಕೆಯಿದೆಯೆಂದೇ ಅರ್ಥ.

ತಂಪು ತಪ್ಪುವ ಬಗೆಯೇ ದೋಷದ ಸ್ಥಾನವನ್ನು ಸೂಚಿಸುತ್ತದೆ. ಕಾರು ಓಡುವಾಗ ತಂಪಿದ್ದು, ನಿಂತಾಗ ಬಿಸಿಗಾಳಿ ಬಂದರೆ ಕಂಡೆನ್ಸರಿನ ಫ್ಯಾನನ್ನು ಪರೀಕ್ಷಿಸಬೇಕು. ಕಂಡೆನ್ಸರಿಗೆ ಧೂಳು, ಕೀಟಗಳು ಮೆತ್ತಿಕೊಂಡಿರುವುದೂ ಸಾಧ್ಯ. ಸ್ವಲ್ಪ ಹೊತ್ತಿನ ಮೇಲೆ ಗಾಳಿಯ ರಭಸವೇ ಕುಗ್ಗಿ, ಏಸಿಯನ್ನು ನಿಲ್ಲಿಸಿ ಮತ್ತೆ ಹಾಕಿದಾಗ ಸರಿಹೋದರೆ ಇವಾಪೊರೇಟರಿನ ಮೇಲೆ ಹಿಮ ಕಟ್ಟಿದೆಯೆಂದು ಊಹಿಸಬೇಕು; ಕಟ್ಟಿಕೊಂಡ ಗಾಳಿಯ ಫಿಲ್ಟರು ಅಥವಾ ತಾಪವನ್ನು ಅಳೆಯುವ ಸಂವೇದಕದ ದೋಷ ಅದಕ್ಕೆ ಕಾರಣವಾಗಬಹುದು. ಗಾಳಿಯ ರಭಸ ಒಂದೇ ಸಮನಿದ್ದು ತಂಪು ಮಾತ್ರ ಆಗಾಗ ಬಂದು ಹೋಗುತ್ತಿದ್ದರೆ, ಒಳಸೇರಿದ ತೇವವು ವಾಲ್ವಿನಲ್ಲಿ ಮಂಜುಗಡ್ಡೆಯಾಗುತ್ತಿರಬಹುದು. ಎಂಜಿನ್ ಕಾದ ಮೇಲೆ ಕಂಪ್ರೆಸರು ಇದ್ದಕ್ಕಿದ್ದಂತೆ ನಿಂತು, ಆರಿದ ಮೇಲೆ ತಾನೇ ತೊಡಗಿದರೆ, ಸವೆದು ಅಂತರ ಹೆಚ್ಚಿದ ವಿದ್ಯುತ್ಕಾಂತೀಯ ಕ್ಲಚ್ಚನ್ನೂ ಅದರ ರಿಲೇಯನ್ನೂ ಶಂಕಿಸಬೇಕು. ಈ ನಾಲ್ಕರಲ್ಲಿ ಯಾವುದಕ್ಕೂ ಬರಿದೆ ಗ್ಯಾಸು ತುಂಬಿಸುವುದು ಪರಿಹಾರವಲ್ಲ.

ತುಂಬಿಸಿದ ಕೆಲವು ವಾರಗಳಲ್ಲಿ ತಂಪು ಕ್ರಮೇಣ ಇಳಿದರೆ ಮಾತ್ರ ಸೋರಿಕೆಯ ಶೋಧ. ಶೀತಕದೊಡನೆ ಕಂಪ್ರೆಸರಿನ ಎಣ್ಣೆಯೂ ಸಂಚರಿಸುವುದರಿಂದ, ಸೋರುವ ಕಡೆ ಜಿಡ್ಡಿನ ಧೂಳು ಅಂಟಿರುವುದುಂಟು. ಕಲ್ಲೇಟು ಬೀಳುವ ಕಂಡೆನ್ಸರು, ಕೊಳವೆಗಳ ಕೀಲುಗಳಲ್ಲಿನ ರಬ್ಬರು ಉಂಗುರಗಳು, ಕಂಪ್ರೆಸರಿನ ದಂಡದ ಸೀಲು ಇವುಗಳನ್ನು ಮೊದಲು ನೋಡಬೇಕು. ಇವಾಪೊರೇಟರಿನ ಸೋರಿಕೆ ಕಣ್ಣಿಗೆ ಕಾಣದು. ನೈಟ್ರೋಜನ್ ಒತ್ತಡ ಕೊಟ್ಟು ಸಾಬೂನಿನ ನೀರು ಹಚ್ಚಿ ಗುಳ್ಳೆಗಳನ್ನು ನೋಡುವುದು, ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣವನ್ನು ಬೆರೆಸುವುದು, ಇಲೆಕ್ಟ್ರಾನಿಕ್ ಶೋಧಕವನ್ನು ಬಳಸುವುದು, ಇವು ವಿಹಿತ ಕ್ರಮಗಳು. ದೋಷವನ್ನು ಸರಿಪಡಿಸಿದ ಬಳಿಕ ತೇವವನ್ನು ಹೀರುವ ಡ್ರೈಯರನ್ನು ಬದಲಿಸಿ, ಪಂಪಿನಿಂದ ಚಕ್ರವನ್ನು ನಿರ್ವಾತಗೊಳಿಸಬೇಕು. ನಿರ್ವಾತದಲ್ಲಿ ಉಳಿದ ತೇವವು ಸಾಮಾನ್ಯ ತಾಪದಲ್ಲಿಯೇ ಆವಿಯಾಗಿ ಹೊರಟುಹೋಗುತ್ತದೆ. ಅನಂತರ ತಯಾರಕರು ನಮೂದಿಸಿದಷ್ಟೇ ಶೀತಕವನ್ನು ತೂಗಿ ತುಂಬಬೇಕು. ನಿಂತ ಯಂತ್ರದ ಒತ್ತಡವನ್ನು ಕಂಡು ಪ್ರಮಾಣವನ್ನು ಹೇಳಲಾಗದು. ಒಳಗೆ ಸ್ವಲ್ಪವಾದರೂ ದ್ರವವಿರುವವರೆಗೆ ಆ ಒತ್ತಡವು ತಾಪವನ್ನು ಅವಲಂಬಿಸಿದೆಯೇ ಹೊರತು ಪ್ರಮಾಣವನ್ನಲ್ಲ.

ಇಲ್ಲಿ ಅವಸರದಿಂದ ಆಗುವ ಹಾನಿ ದೊಡ್ಡದು. ಶೀತಕ ತಗ್ಗಿದಾಗ ಒತ್ತಡದ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸಿ ಕಾಪಾಡುತ್ತದೆ. ಅದನ್ನು ದೋಷವೆಂದು ಬಗೆದು ತಂತಿಯನ್ನು ನೇರವಾಗಿ ಕೂಡಿಸಿದರೆ, ಎಣ್ಣೆ ತಲುಪದ ಕಂಪ್ರೆಸರು ತಿರುಗಿ ತಿರುಗಿ ಬಿಗಿದುಕೊಳ್ಳುತ್ತದೆ. ಅದರ ಲೋಹದ ಪುಡಿ ಚಕ್ರದಲ್ಲೆಲ್ಲ ಹರಡುತ್ತದೆ. ಆಗ ನೂರರಲ್ಲಿ ಮುಗಿಯುತ್ತಿದ್ದ ಉಂಗುರದ ಕೆಲಸ ಸಾವಿರಗಳಿಗೆ ಏರುತ್ತದೆ. ಹಾನಿಯು ಒಡೆಯನೊಬ್ಬನದೇ ಅಲ್ಲ. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಓಜೋನ್ ಪದರವನ್ನು ನಾಶಗೊಳಿಸುವ ಆರ್-12 ಕಾರುಗಳಿಂದ ಮರೆಯಾಯಿತು. ಅದರ ಸ್ಥಾನಕ್ಕೆ ಬಂದ ಆರ್-134ಎ ಓಜೋನಿಗೆ ಕೇಡು ಮಾಡದಿದ್ದರೂ, ತೂಕಕ್ಕೆ ತೂಕ ಹೋಲಿಸಿದರೆ ಇಂಗಾಲದ ಡೈಆಕ್ಸೈಡಿಗಿಂತ ನೂರು ವರ್ಷಗಳಲ್ಲಿ ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಕಾಯಿಸುತ್ತದೆ.

ಆದುದರಿಂದ ಕಾರನ್ನು ದುರಸ್ತಿಗೆ ಒಪ್ಪಿಸುವವರು ಮೂರು ಸಂಗತಿಗಳನ್ನು ಕೇಳಿ, ಬಿಲ್ಲಿನಲ್ಲಿ ಬರೆಯಿಸಿಕೊಳ್ಳುವುದು ಉಚಿತ: ಸೋರಿಕೆ ಎಲ್ಲಿತ್ತು? ಎಷ್ಟು ಹೊತ್ತು ನಿರ್ವಾತಗೊಳಿಸಲಾಯಿತು? ಎಷ್ಟು ಗ್ರಾಂ ತುಂಬಲಾಯಿತು? ದೋಷವು ಮತ್ತೆ ತಲೆದೋರಿದರೆ ಮುಂದಿನ ಮೆಕ್ಯಾನಿಕ್ಕಿಗೆ ಆ ಚೀಟಿಯೇ ನಿದಾನದ ಮೊದಲ ಮೆಟ್ಟಿಲು.