ಹೆಸರು ಮೂರು, ಔಷಧಿ ಒಂದೇ



ಜ್ವರ, ಮೈಕೈ ನೋವು ಅಂದ್ರೆ ನಮ್ಮ ಕೈ ಮೊದಲು ಹೋಗುವುದು ಪ್ಯಾರಾಸಿಟಮಾಲ್ ಮಾತ್ರೆಗೆ. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಔಷಧಿ ಮೈಯೊಳಗೆ ಏನು ಮಾಡುತ್ತದೆ ಎಂದು ಈ ಸಲ ತಿಳಿಯೋಣ. ನರ್ಸಿಂಗ್ ಓದುವ ಮಕ್ಕಳಿಗೆ ಕಲಿಸುವ ಪಾಠವೇ ಇದು. ಮನೆಯಲ್ಲಿ ಮದ್ದು ಕೊಡುವವರು ನಾವೇ ಆದ್ದರಿಂದ ನಮಗೂ ಬೇಕು.

ನುಂಗಿದ ಮಾತ್ರೆ ಕರಗಿ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ನೋವಿರುವ ಜಾಗವನ್ನಷ್ಟೇ ಹುಡುಕಿಕೊಂಡು ಅದು ಹೋಗುವುದಿಲ್ಲ, ರಕ್ತ ಹರಿದಲ್ಲೆಲ್ಲ ಹೋಗುತ್ತದೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಗುಣ ಕಾಣುತ್ತದೆ. ಆಮೇಲೆ ಪಿತ್ತಜನಕಾಂಗ, ಅಂದರೆ ನಾವು ಹೇಳುವ ಲಿವರ್, ಅದನ್ನು ಒಡೆಯುತ್ತದೆ. ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಸುಮಾರು ಎರಡು ಮೂರು ಗಂಟೆಗೊಮ್ಮೆ ರಕ್ತದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯುತ್ತದೆ. ನಾಲ್ಕರಿಂದ ಆರು ಗಂಟೆ ಬಿಟ್ಟು ಕೊಡಿ ಎನ್ನುವುದು ಇದಕ್ಕೇ.

ದೊಡ್ಡವರು ಒಂದು ಸಲಕ್ಕೆ 500ರಿಂದ 1000 ಮಿಲಿಗ್ರಾಂ ತೆಗೆದುಕೊಳ್ಳಬಹುದು. 24 ಗಂಟೆಯಲ್ಲಿ 4000 ಮೀರಬಾರದು. ತೀರಾ ಬಡಕಲು ಮೈಯವರಿಗೆ, ದಿನಾ ಕುಡಿಯುವವರಿಗೆ, ಲಿವರ್ ಕಾಯಿಲೆ ಇದ್ದವರಿಗೆ ಅಷ್ಟೂ ಬೇಡ, ಡಾಕ್ಟರನ್ನು ಕೇಳಿಯೇ ಕೊಡಬೇಕು.

ಎಡವಟ್ಟಾಗುವುದು ಹೆಸರಿನಲ್ಲಿ. ಡೋಲೊ, ಕ್ರೋಸಿನ್, ಕಾಲ್ಪಾಲ್ ಮೂರರಲ್ಲೂ ಇರುವುದು ಪ್ಯಾರಾಸಿಟಮಾಲ್. ಅನೇಕ ನೆಗಡಿ ಮಾತ್ರೆಗಳಲ್ಲಿ, ಮಂಡಿನೋವಿನ ಗುಳಿಗೆಗಳಲ್ಲಿ ಕೂಡ ಅದು ಸೇರಿರುತ್ತದೆ. ಲೆಕ್ಕ ಹಾಕಿ ನೋಡಿ: ಜ್ವರಕ್ಕೆ 650, ನೆಗಡಿ ಮಾತ್ರೆಯಲ್ಲಿ 500, ನೋವಿನ ಮಾತ್ರೆಯಲ್ಲಿ 325. ಒಂದು ಸಲಕ್ಕೆ 1475 ಆಯಿತು. ದಿನಕ್ಕೆ ಮೂರು ಸಲ ಅಂದರೆ 4425! ಸಂಘದ ಪುಸ್ತಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹಿಡಿಯುವ ನಾವು ಈ ಲೆಕ್ಕವನ್ನು ಮಾತ್ರ ಯಾರೂ ಮಾಡುವುದಿಲ್ಲ.

ಲಿವರ್ ಈ ಔಷಧಿಯನ್ನು ಒಡೆಯುವಾಗ ಸ್ವಲ್ಪ ವಿಷವೂ ಹುಟ್ಟುತ್ತದೆ. ಮಿತಿಯಲ್ಲಿದ್ದರೆ ಲಿವರೇ ಅದನ್ನು ಅಡಗಿಸುತ್ತದೆ, ಹೆಚ್ಚಾದರೆ ಲಿವರಿನ ಶಕ್ತಿ ಸಾಲದು. ಮೊದಲ ದಿನ ಬರೀ ವಾಕರಿಕೆ ಇರಬಹುದು, ಏನೂ ಕಾಣದೆಯೂ ಇರಬಹುದು. ಪೆಟ್ಟು ಗೊತ್ತಾಗುವುದು ಎರಡು ಮೂರು ದಿನಕ್ಕೆ. ಆದ್ದರಿಂದ ಹೆಚ್ಚು ನುಂಗಿದ್ದು ತಿಳಿದರೆ "ಚೆನ್ನಾಗಿಯೇ ಇದ್ದಾರಲ್ಲ" ಎಂದು ಕಾಯಬೇಡಿ. ಖಾಲಿ ಸ್ಟ್ರಿಪ್ ಸಮೇತ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದಕ್ಕೆ ಪ್ರತಿಮದ್ದು ಇದೆ. ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಮಕ್ಕಳಿಗೆ ವಯಸ್ಸಿಗಿಂತ ತೂಕ ಮುಖ್ಯ. ಕಿಲೋಗೆ 15 ಮಿಲಿಗ್ರಾಂ ಮೀರದಂತೆ, 10 ಕಿಲೋ ಮಗುವಿಗೆ ಒಂದು ಸಲಕ್ಕೆ 150. ಸಿರಪ್‌ಗಳಲ್ಲಿ ಕೆಲವಕ್ಕೆ 5 ಎಂಎಲ್‌ನಲ್ಲಿ 125, ಕೆಲವಕ್ಕೆ 250 ಇರುತ್ತದೆ. ಶಿಶುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100! ಡ್ರಾಪ್ಸನ್ನು ಸಿರಪ್ಪಿನಂತೆ ಚಮಚದಲ್ಲಿ ಕೊಟ್ಟರೆ ಗತಿ ಏನು? ಬಾಟಲಿ ಜೊತೆ ಬಂದ ಅಳತೆಯಲ್ಲೇ ಕೊಡಿ, ಅಡುಗೆಮನೆ ಚಮಚ ಬೇಡ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರ ಹತ್ತಿರ ಓಡಿ.

ಅಂಗಡಿಯವರು ಎರಡು ಮಾತ್ರೆ ಕತ್ತರಿಸಿ ಕೊಟ್ಟರೆ ಎಷ್ಟೋ ಸಲ ಅದರಲ್ಲಿ ಹೆಸರೇ ಇರುವುದಿಲ್ಲ. ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸಭೆಗೆ ಮನೆಯ ಡಬ್ಬಿಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ತನ್ನಿ. ಇಂಗ್ಲಿಷ್ ಓದಲು ಬಾರದಿದ್ದರೆ ಹೈಸ್ಕೂಲಿಗೆ ಹೋಗುವ ಮಗಳನ್ನೂ ಕರೆದುಕೊಂಡು ಬನ್ನಿ, ಅವಳು ಓದಲಿ, ನಾವು ಕೂಡಿ ಬರೆದುಕೊಳ್ಳೋಣ.