ಸಂಡೂರಿನ ಶಾಸಕ ಎಂ. ವೈ. ಘೋರ್ಪಡೆ

ಸುತ್ತಲೂ ಬೆಟ್ಟಸಾಲು, ನಡುವೆ ಬಟ್ಟಲಿನಂತಹ ಕಣಿವೆ, ಕಣಿವೆಯನ್ನು ಸೀಳಿಕೊಂಡು ಹರಿಯುವ ನಾರಿಹಳ್ಳ; ಸಂಡೂರಿನ ನೆಲದ ಸ್ವರೂಪ ಇದು. ಹೊಸಪೇಟೆ, ಹಂಪೆ, ಕಂಪ್ಲಿಗಳ ಬಯಲು ಸೀಮೆಯು ಬ್ರಿಟಿಷರ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದಾಗ ಈ ಕಣಿವೆಯು ಪ್ರತ್ಯೇಕ ಸಂಸ್ಥಾನವಾಗಿತ್ತು. ಅದರ ವಿಸ್ತೀರ್ಣವು ಇನ್ನೂರು ಚದರ ಮೈಲಿಗಳನ್ನು ಸಹ ಮುಟ್ಟುತ್ತಿರಲಿಲ್ಲ. ಇಂತಹ ಪುಟ್ಟ ಸಂಸ್ಥಾನದ ಅರಮನೆಯಲ್ಲಿ ಹುಟ್ಟಿದ ಒಬ್ಬರು ಪ್ರಜೆಗಳ ಮತ ಯಾಚಿಸಿ ಏಳು ಬಾರಿ ಶಾಸಕರಾದುದು, ರಾಜ್ಯದ ಬೊಕ್ಕಸದ ಕೀಲಿಯನ್ನು ಹಿಡಿದುದು, ಕೊನೆಗೆ ಗ್ರಾಮ ಪಂಚಾಯತಿಗಳ ಶಾಸನವನ್ನು ರೂಪಿಸುವ ಹೊಣೆ ಹೊತ್ತುದು, ನಮ್ಮ ಪ್ರಜಾಪ್ರಭುತ್ವದ ಚರಿತ್ರೆಯನ್ನು ಅಭ್ಯಾಸ ಮಾಡುವವರು ಗಮನಿಸತಕ್ಕ ಸಂಗತಿ. ಅಧಿಕಾರವನ್ನು ವಂಶದಿಂದ ಪಡೆಯಬಹುದಾಗಿದ್ದವರು ಅದನ್ನು ಕೆಳಗಿನವರಿಗೆ ಎಷ್ಟರ ಮಟ್ಟಿಗೆ ಹಂಚಿದರು ಎಂಬುದೇ ಮುರಾರಿರಾವ್ ಯಶವಂತರಾವ್ ಘೋರ್ಪಡೆಯವರ ಜೀವನವನ್ನು ಪರಿಶೀಲಿಸುವಾಗ ಕೇಳಬೇಕಾದ ಪ್ರಶ್ನೆ.

ಘೋರ್ಪಡೆ ಮನೆತನವು ಹದಿನೆಂಟನೆಯ ಶತಮಾನದ ದಖನ್ನಿನ ಮರಾಠ ಸರದಾರರ ಮನೆತನಗಳಲ್ಲಿ ಒಂದು. ಆ ವಂಶದ ಗುತ್ತಿಯ ಮುರಾರಿರಾಯನು 1776ರಲ್ಲಿ ಹೈದರಾಲಿಗೆ ಸೋತು ಕಬ್ಬಾಳದುರ್ಗದ ಸೆರೆಯಲ್ಲಿ ಮಡಿದನು. ಅದೇ ಹೆಸರನ್ನು ಹೊತ್ತ ಘೋರ್ಪಡೆಯವರು ಮುಂದೆ ಈ ಪೂರ್ವಜನನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಅವರು ಜನಿಸಿದ್ದು 1931ರ ಡಿಸೆಂಬರ್ 7ರಂದು. ತಂದೆ ಯಶವಂತರಾವ್ ಹಿಂದೂರಾವ್ ಘೋರ್ಪಡೆಯವರು ಆಗ ಸಂಸ್ಥಾನದ ಅರಸರು. ಮರುವರ್ಷ, ಎಂದರೆ 1932ರಲ್ಲಿ, ಸಂಡೂರಿನ ಬೆಟ್ಟದ ಮೇಲಿನ ಕುಮಾರಸ್ವಾಮಿ ದೇವಾಲಯದ ಬಾಗಿಲನ್ನು ಹರಿಜನರಿಗೆ ತೆರೆಯಲಾಯಿತು. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆಗೆ (1936) ಇದು ನಾಲ್ಕು ವರ್ಷ ಹಿರಿಯದು. ಹರಿಜನ ಯಾತ್ರೆಯ ಕಾಲದಲ್ಲಿ, 1934ರಲ್ಲಿ, ಗಾಂಧೀಜಿಯವರು ಸಂಡೂರಿಗೆ ಬಂದರು. ಸಂಸ್ಥಾನವು 1949ರ ಏಪ್ರಿಲ್ 1ರಂದು ಮದ್ರಾಸು ಪ್ರಾಂತದಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಹೊಸಪೇಟೆ ಮೊದಲಾದ ತಾಲ್ಲೂಕುಗಳೊಡನೆ ಮೈಸೂರಿಗೆ ಸೇರಿತು. ಹೀಗೆ ಯುವರಾಜರಾಗಬೇಕಿದ್ದವರು ತಮ್ಮ ಇಪ್ಪತ್ತೆರಡನೆಯ ವರ್ಷ ತುಂಬುವ ಮೊದಲೇ, ಐದು ವರ್ಷಗಳೊಳಗೆ, ಎರಡು ರಾಜ್ಯಗಳ ಸಾಮಾನ್ಯ ಪ್ರಜೆಯಾದರು.

ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ಓದಿ ಬಂದ ಘೋರ್ಪಡೆಯವರು ಐವತ್ತು-ಅರವತ್ತರ ದಶಕಗಳ ಸಂಧಿಕಾಲದಲ್ಲಿ ಕಾಂಗ್ರೆಸ್ ಪಕ್ಷದ ಮೂಲಕ ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿದರು. ಹಳೆಯ ಅರಸುಮನೆತನಗಳ ಅನೇಕರು ಆ ದಿನಗಳಲ್ಲಿ ಕಾಂಗ್ರೆಸ್ಸನ್ನು ವಿರೋಧಿಸುವ ಪಕ್ಷಗಳತ್ತ ವಾಲಿದ್ದರು. ಘೋರ್ಪಡೆಯವರ ಒಲವು ಬೇರೆಯಾಗಿತ್ತು. ಸಂಡೂರಿನ ಮತದಾರರಿಗೆ ಅವರು ಮೊದಮೊದಲು ದೊರೆಯ ಮಗ, ಶಾಸಕರೆಂಬುದು ಅನಂತರದ ಮಾತು. ಆರಂಭದ ಗೆಲುವುಗಳಲ್ಲಿ ಅರಮನೆಯ ಪಾಲು ಎಷ್ಟು, ಅಭ್ಯರ್ಥಿಯ ಯೋಗ್ಯತೆಯ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸಿ ಹೇಳುವುದು ಸುಲಭವಲ್ಲ.

1972ರಲ್ಲಿ ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾದಾಗ ಘೋರ್ಪಡೆಯವರು ಹಣಕಾಸು ಸಚಿವರಾದರು. 1977ರವರೆಗೆ ಆ ಖಾತೆ ಅವರಲ್ಲಿಯೇ ಇತ್ತು. ಆ ಐದು ವರ್ಷಗಳು ಕನ್ನಡನಾಡಿನ ಆಡಳಿತ ಚರಿತ್ರೆಯಲ್ಲಿ ಅಸಾಮಾನ್ಯವಾದವು. ಹಿಂದುಳಿದ ವರ್ಗಗಳ ಸ್ಥಿತಿಗತಿಗಳನ್ನು ಪರಿಶೀಲಿಸಲು ಎಲ್. ಜಿ. ಹಾವನೂರರ ಆಯೋಗವು 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿಯನ್ನು ಒಪ್ಪಿಸಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯು ರದ್ದಾಗಿ, ಉಳುವವನ ಅರ್ಜಿಯನ್ನು ವಿಚಾರಿಸಲು ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಲಿಗಳು ಏರ್ಪಟ್ಟವು. ಸಣ್ಣ ಹಿಡುವಳಿದಾರರ ಹಾಗೂ ಕೂಲಿಕಾರರ ಸಾಲಕ್ಕೆ ಪರಿಹಾರ ಒದಗಿತು. ಈ ಸುಧಾರಣೆಗಳ ಕೀರ್ತಿಯು ಸಹಜವಾಗಿಯೇ ಮುಖ್ಯಮಂತ್ರಿಗಳಿಗೆ ಸಂದಿದೆ. ಆದರೆ ಯೋಜನೆಯೊಂದನ್ನು ಸಾರುವ ಭಾಷಣದ ಹಿಂದೆ ಅದಕ್ಕೆ ಬೇಕಾದ ಹಣವನ್ನು ಕೂಡಿಸುವ ಒಬ್ಬ ಲೆಕ್ಕಿಗನು ಇರಲೇಬೇಕು. ಬರಗಾಲ ಮತ್ತು ಬೆಲೆ ಏರಿಕೆಯ ಆ ವರ್ಷಗಳಲ್ಲಿ ಆ ಕೆಲಸವನ್ನು ಸಂಡೂರಿನ ಶಾಸಕರು ಮಾಡಿದರು. ಬೊಕ್ಕಸದ ಕೆಲಸ ಎಂದೂ ಜನರ ಬಾಯಲ್ಲಿ ಹಾಡಾಗುವುದಿಲ್ಲ.

ಇದೇ ಕಾಲದಲ್ಲಿ ಅವರ ಸ್ವಂತ ಊರಿನಲ್ಲಿ ನಡೆದುದನ್ನು ಬಿಟ್ಟು ಅವರ ಚರಿತ್ರೆಯನ್ನು ಬರೆದರೆ ಅದು ಅರ್ಧ ಚರಿತ್ರೆಯಾದೀತು. ಸಂಡೂರು ಸೀಮೆಯ ಬಹಳಷ್ಟು ಭೂಮಿಯು ಇನಾಮಾಗಿ ದೇವಾಲಯದ ಹಾಗೂ ಹಳೆಯ ಅರಸುಮನೆತನದ ಹಿಡಿತದಲ್ಲಿ ಉಳಿದಿತ್ತು. ಉಳುವವರು ಗೇಣಿದಾರರಾಗಿಯೇ ಇದ್ದರು. 1973ರಲ್ಲಿ ಸಮಾಜವಾದಿ ತರುಣರ ಮುಂದಾಳುತನದಲ್ಲಿ ಇಲ್ಲಿ ಭೂಸತ್ಯಾಗ್ರಹವು ಆರಂಭವಾಯಿತು. ಕಾಗೋಡಿನ ಹೋರಾಟವು (1951) ಮಲೆನಾಡಿನಲ್ಲಿ ಎಬ್ಬಿಸಿದ್ದ ಪ್ರಶ್ನೆಯನ್ನೇ ಸಂಡೂರು ಬಯಲು ಸೀಮೆಯಲ್ಲಿ ಎಬ್ಬಿಸಿತು. ಸತ್ಯಾಗ್ರಹಿಗಳು ಸೆರೆಮನೆ ಸೇರಿದರು. ಉಳುವವನಿಗೆ ಭೂಮಿ ಕೊಡುತ್ತೇವೆಂದು ಸಾರುತ್ತಿದ್ದ ಸರ್ಕಾರದ ಹಣಕಾಸು ಸಚಿವರ ಮನೆಯ ಬಾಗಿಲಲ್ಲಿಯೇ ಈ ಪ್ರಶ್ನೆ ಬಂದು ನಿಂತುದರಿಂದ ಅದರ ಕಾವು ಬೆಂಗಳೂರಿನವರೆಗೂ ಮುಟ್ಟಿತು. ಕೊನೆಗೆ ಸಂಡೂರು ಪ್ರದೇಶಕ್ಕೆಂದೇ 1976ರಲ್ಲಿ ಪ್ರತ್ಯೇಕವಾದ ಇನಾಮು ರದ್ದಿಯಾತಿ ಅಧಿನಿಯಮವು ಜಾರಿಗೆ ಬಂದಿತು. ಒಂದು ತಾಲ್ಲೂಕಿನಷ್ಟು ನೆಲಕ್ಕಾಗಿಯೇ ಶಾಸನವೊಂದು ಹುಟ್ಟಿದುದು ಅಪರೂಪ. ಘೋರ್ಪಡೆಯವರು ಸಚಿವರಾಗಿದ್ದ ಸರ್ಕಾರವೇ ಅದನ್ನು ತಂದಿತು ಎಂಬುದು ಅವರಿಗೆ ಸಲ್ಲಬೇಕಾದ ಮಾತು. ಚಳವಳಿಯ ಒತ್ತಡವಿಲ್ಲದೆ ಅದು ಬರುತ್ತಿತ್ತೇ ಎಂದು ಕೇಳುವವರ ಮಾತೂ ಅಷ್ಟೇ ನ್ಯಾಯವಾದುದು. ದೇವಾಲಯದ ಬಾಗಿಲನ್ನು ಅರಮನೆಯು ತಾನಾಗಿ ತೆರೆಯಿತು. ಹೊಲದ ಬಾಗಿಲನ್ನು ಜನರು ತಟ್ಟಿ ತೆರೆಸಬೇಕಾಯಿತು.

1977ರ ಅನಂತರ ಮಂತ್ರಿಪದವಿಯಿಲ್ಲದ ದೀರ್ಘಾವಧಿಯೊಂದು ಬಂದಿತು. ರಾಜಕಾರಣಿಗಳಲ್ಲಿ ಅನೇಕರಿಗೆ ಇಂತಹ ಕಾಲವು ಕೊರಗಿನ ಕಾಲ. ಘೋರ್ಪಡೆಯವರು ಮೊದಲಿನಿಂದಲೂ ಕೈಯಲ್ಲಿ ಹಿಡಿದಿದ್ದ ಕ್ಯಾಮರಾದೊಡನೆ ಕಾಡಿಗೆ ಹೋದರು. ಆನೆ, ಹುಲಿ, ಹಕ್ಕಿಗಳ ಅವರ ಛಾಯಾಚಿತ್ರಗಳು ದೇಶವಿದೇಶಗಳಲ್ಲಿ ಮನ್ನಣೆ ಪಡೆದವು. ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಅವರ ವನ್ಯಜೀವಿ ಛಾಯಾಗ್ರಾಹಕನ ದಿನಚರಿಯು 1983ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಬಂದೂಕು ಹಿಡಿದು ಬೇಟೆಯಾಡುವುದು ಅರಸುಮಕ್ಕಳ ವಿನೋದವಾಗಿದ್ದ ಕಾಲದಿಂದ ಬಂದವರೊಬ್ಬರು ಅದೇ ತಾಳ್ಮೆಯನ್ನು ಚಿತ್ರ ತೆಗೆಯುವುದಕ್ಕೆ ತಿರುಗಿಸಿದರೆಂಬುದು ಗಮನಾರ್ಹ.

ಇಲ್ಲಿ ಅಮೆರಿಕದ ಒಂದು ಉದಾಹರಣೆಯು ಉಪಯುಕ್ತವಾದೀತು. ಆ ದೇಶದಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಅಲ್ಲಿಯ ಸಂಸತ್ತು. ಮಿಷಿಗನ್ ರಾಜ್ಯದ ಜಾನ್ ಡಿಂಗೆಲ್ ಎಂಬುವರು 1955ರ ಡಿಸೆಂಬರಿನಿಂದ 2015ರ ಜನವರಿಯವರೆಗೆ ಐವತ್ತೊಂಬತ್ತು ವರ್ಷ ಅಲ್ಲಿಯ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು. ಅಲ್ಲಿ ಅಷ್ಟು ದೀರ್ಘಕಾಲ ಸೇವೆ ಸಲ್ಲಿಸಿದವರು ಮತ್ತೊಬ್ಬರಿಲ್ಲ. ಅವರಿಗಿಂತ ಮೊದಲು ಅವರ ತಂದೆ, ಅವರ ಅನಂತರ ಅವರ ಪತ್ನಿ ಸಭೆಗೆ ಆರಿಸಿಬಂದರು. ಅರಸೊತ್ತಿಗೆಯನ್ನು ಎಂದೋ ಕಳಚಿದ ದೇಶದಲ್ಲಿಯೂ ಕ್ಷೇತ್ರವೊಂದು ಮನೆತನಕ್ಕೆ ಅಂಟಿಕೊಳ್ಳಬಲ್ಲದೆಂಬುದಕ್ಕೆ ಇದು ಸಾಕ್ಷಿ. ಅಳಿವಿನಂಚಿನ ಜೀವಿಗಳ ರಕ್ಷಣೆಗಾಗಿ 1973ರಲ್ಲಿ ಅಲ್ಲಿ ಬಂದ ಶಾಸನವನ್ನು ರೂಪಿಸಿದವರಲ್ಲಿ ಡಿಂಗೆಲ್ ಪ್ರಮುಖರು. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮವು 1972ರಲ್ಲಿಯೂ ಹುಲಿ ಯೋಜನೆಯು 1973ರಲ್ಲಿಯೂ ಬಂದವು. ಆದರೆ ಡಿಂಗೆಲ್ ಅವರಿಗೆ ಎಂದೂ ಎದುರಾಗದ ಒಂದು ಪರೀಕ್ಷೆಯು ಘೋರ್ಪಡೆಯವರಿಗೆ ಎದುರಾಯಿತು. ಪ್ರತಿನಿಧಿಯು ತನ್ನ ಕೈಯ ಅಧಿಕಾರವನ್ನು ತನಗಿಂತ ಕೆಳಗಿನ ಪ್ರತಿನಿಧಿಗಳಿಗೆ ಬಿಟ್ಟುಕೊಡುವ ಪರೀಕ್ಷೆ ಅದು.

ಎಂಟನೆಯ ಲೋಕಸಭೆಯ ಅವಧಿಯಲ್ಲಿ ರಾಯಚೂರು ಕ್ಷೇತ್ರದ ಸದಸ್ಯರಾಗಿದ್ದ ಘೋರ್ಪಡೆಯವರು ಮತ್ತೆ ರಾಜ್ಯಕ್ಕೆ ಮರಳಿ, 1990ರಿಂದ 1994ರವರೆಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾದರು. ಈ ಖಾತೆಯ ಮೇಲೆ ಆಗ ಒಂದು ದೊಡ್ಡ ನೆರಳಿತ್ತು. ಅದು ಅಬ್ದುಲ್ ನಜೀರ್‌ಸಾಬರ ನೆರಳು. ಅವರು ತಂದ 1983ರ ಅಧಿನಿಯಮದಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತಿಗಳು ಬಂದಿದ್ದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಮಹಿಳೆಯರಿಗೆ ಶೇಕಡ 25ರ ಮೀಸಲಾತಿ. ದೇಶವೇ ಮೆಚ್ಚಿದ ಪ್ರಯೋಗ ಅದು. ಆ ಸಂಸ್ಥೆಗಳ ಅವಧಿ 1992ರಲ್ಲಿ ಮುಗಿದಾಗ ಸರ್ಕಾರವು ಕೂಡಲೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ನೇಮಿಸಿತು. ಇದಕ್ಕಾಗಿ ಬಂದ ಟೀಕೆಯು ಅಕಾರಣವಾದುದಲ್ಲ.

ಆದರೆ ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ, ಅದಕ್ಕೆ ಅನುಗುಣವಾದ ಶಾಸನವನ್ನು ಎಲ್ಲರಿಗಿಂತ ಮುಂಚಿತವಾಗಿ ತಂದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿತ್ತು. ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು 1993ರ ಮೇ 10ರಂದು ಜಾರಿಗೆ ಬಂದಿತು. ಎಂಟರಿಂದ ಹನ್ನೆರಡು ಸಾವಿರ ಜನರಿಗೆ ಒಂದರಂತೆ ಇದ್ದ ಮಂಡಲದ ಸ್ಥಾನದಲ್ಲಿ ಐದರಿಂದ ಏಳು ಸಾವಿರ ಜನರಿಗೊಂದು ಗ್ರಾಮ ಪಂಚಾಯತಿ ಬಂದಿತು. ಸುಮಾರು ನಾನೂರು ಜನರಿಗೆ ಒಬ್ಬ ಸದಸ್ಯ. ಮಹಿಳೆಯರಿಗೆ ಮೂರರಲ್ಲಿ ಒಂದು ಭಾಗ ಸ್ಥಾನಗಳು, ಪರಿಶಿಷ್ಟ ಜಾತಿ ಹಾಗೂ ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಸ್ಥಾನಗಳು, ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಮೀಸಲಾತಿ. ಅಧ್ಯಕ್ಷ ಸ್ಥಾನಗಳಿಗೂ ಮೀಸಲಾತಿ ಅನ್ವಯಿಸಿತು. ಗ್ರಾಮ ಪಂಚಾಯತಿಯ ಚುನಾವಣೆಯಲ್ಲಿ ಪಕ್ಷಗಳ ಚಿಹ್ನೆಗೆ ಅವಕಾಶವಿರಲಿಲ್ಲ. 1993ರ ಡಿಸೆಂಬರಿನಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಮೀಸಲಾದುದಕ್ಕಿಂತ ಹೆಚ್ಚು ಸ್ಥಾನಗಳಲ್ಲಿ ಮಹಿಳೆಯರು ಗೆದ್ದರು. ಹಂಪೆಯ ಬಳಿಯ ಹಳ್ಳಿಯಲ್ಲಾಗಲಿ, ಕಂಪ್ಲಿಯ ಕಬ್ಬಿನ ಗದ್ದೆಗಳ ನಡುವಿನ ಊರಿನಲ್ಲಾಗಲಿ, ಅದುವರೆಗೆ ಕಟ್ಟೆಯ ಮೇಲೆ ಕೂರದಿದ್ದ ಹೆಣ್ಣುಮಕ್ಕಳಿಗೆ ಪಂಚಾಯತಿ ಕಛೇರಿಯಲ್ಲಿ ಕುರ್ಚಿ ದೊರೆಯುವ ಕಾಲ ಹೀಗೆ ಬಂದಿತು. ಕುರ್ಚಿಯಲ್ಲಿ ಹೆಂಡತಿ ಕುಳಿತು ಕಡತ ಗಂಡನ ಕೈಯಲ್ಲಿದ್ದ ಪ್ರಸಂಗಗಳು ಎಷ್ಟೋ ಕಡೆ ಇದ್ದವು. ಅದು ಶಾಸನದ ದೋಷಕ್ಕಿಂತ ಮನೆಯ ದೋಷ.

ನಜೀರ್‌ಸಾಬರ ಶಾಸನದೊಡನೆ ಇದನ್ನು ತೂಗಿ ನೋಡಿದವರು ಒಂದು ಆಕ್ಷೇಪವನ್ನು ಎತ್ತಿದರು: ಗ್ರಾಮ ಮಟ್ಟದಲ್ಲಿ ಪ್ರಾತಿನಿಧ್ಯ ಬೆಳೆಯಿತು, ಜಿಲ್ಲಾ ಮಟ್ಟದಲ್ಲಿ ಸ್ವಾತಂತ್ರ್ಯ ಕುಗ್ಗಿತು. ಅಧ್ಯಕ್ಷರ ಅಧಿಕಾರಾವಧಿ ಕೇವಲ ಇಪ್ಪತ್ತು ತಿಂಗಳಾಯಿತು. ತಾಲ್ಲೂಕು ಹಾಗೂ ಜಿಲ್ಲಾ ಪಂಚಾಯತಿಗಳ ಚುನಾವಣೆ 1995ರವರೆಗೆ ನಡೆಯಲೇ ಇಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ. ಘೋರ್ಪಡೆಯವರು ಎರಡನೆಯ ಬಾರಿ, 1999ರಿಂದ 2004ರವರೆಗೆ, ಅದೇ ಖಾತೆಯನ್ನು ಹೊತ್ತಾಗ ತಂದ ತಿದ್ದುಪಡಿಗಳನ್ನು ನೋಡಿದರೆ ಅದನ್ನು ಅವರೂ ಮನಗಂಡಿದ್ದರೆಂದು ತೋರುತ್ತದೆ. ಗ್ರಾಮಸಭೆಯನ್ನು ಬಲಪಡಿಸಿ, ಅದಕ್ಕೂ ಕೆಳಗೆ ವಾರ್ಡುಸಭೆಯನ್ನು ಸೇರಿಸಲಾಯಿತು. ಯಾವ ಕೆಲಸ ಯಾವ ಹಂತದ ಪಂಚಾಯತಿಯದು ಎಂಬುದನ್ನು ವಿಂಗಡಿಸುವ ಕಾರ್ಯವೂ ಆಗಲೇ ನಡೆಯಿತು. ಒಂದು ಖಾತೆಯನ್ನು ಬಿಟ್ಟು ಐದು ವರ್ಷಗಳ ಅನಂತರ ಮತ್ತೆ ಪಡೆದು, ತಾವೇ ಮಾಡಿದುದನ್ನು ತಿದ್ದುವ ಅವಕಾಶವು ಮಂತ್ರಿಗಳಿಗೆ ದೊರೆಯುವುದು ಕಡಮೆ. ದೊರೆತರೂ ಹಳೆಯದನ್ನು ಸಮರ್ಥಿಸುತ್ತ ಕಾಲ ಕಳೆಯುವವರೇ ಹೆಚ್ಚು.

ಊರಿನಲ್ಲಿ ಮನೆತನವು ನಡೆಸಿದ ಇತರ ಕಾರ್ಯಗಳೂ ಉಂಟು. ಸಂಡೂರಿನ ವಸತಿ ಶಾಲೆಯು 1959ರಲ್ಲಿ ಆರಂಭವಾಯಿತು. ಲಂಬಾಣಿ ಮಹಿಳೆಯರ ಕಸೂತಿಗೆ ಆಶ್ರಯವಾಗಿ ಸಂಡೂರು ಕುಶಲ ಕಲಾ ಕೇಂದ್ರವು ಬೆಳೆಯಿತು. ಆ ಕಸೂತಿಯು 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆಯಿತು. ಇವುಗಳ ಹಿಂದಿನ ಸಂಪತ್ತಿನಲ್ಲಿ ಗಣಿಯ ಪಾಲು ದೊಡ್ಡದು. ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಗಣಿಗಾರಿಕೆಗಾಗಿ 1954ರಲ್ಲಿ ಸ್ಥಾಪಿತವಾದ ಕಂಪನಿಯು ಇದೇ ಮನೆತನದ್ದು. ಕಾಡಿನ ಚಿತ್ರ ತೆಗೆದವರ ಮನೆಯೇ ಬೆಟ್ಟವನ್ನೂ ಅಗೆಯಿತೆಂಬ ವೈಷಮ್ಯವನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆದರೂ 2000ದ ಅನಂತರ ವಿದೇಶಗಳ ಬೇಡಿಕೆಯಿಂದ ಅದಿರಿನ ಬೆಲೆ ಏರಿ, ಹೊಸಪೇಟೆಯ ರಸ್ತೆಗಳು ಲಾರಿಗಳ ಕೆಂಧೂಳಿನಲ್ಲಿ ಮುಳುಗಿದ ಕಾಲದ ದುರಾಶೆಯನ್ನು ಹಳೆಯ ಗಣಿಗಾರಿಕೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಸರಿಯಾಗಿ ಮೂರು ತಿಂಗಳ ಅನಂತರ, ಅಕ್ಟೋಬರ್ 29ರಂದು, ಎಂಬತ್ತರ ಹೊಸ್ತಿಲಿನಲ್ಲಿದ್ದ ಘೋರ್ಪಡೆಯವರು ನಿಧನರಾದರು.

ಅಷ್ಟರಲ್ಲಿ ಸಂಡೂರು ಕ್ಷೇತ್ರವೂ ಬದಲಾಗಿತ್ತು. ಕ್ಷೇತ್ರ ಪುನರ್ವಿಂಗಡಣೆಯ ಅನಂತರ, 2008ರ ಚುನಾವಣೆಯಿಂದ, ಸಂಡೂರು ಮತ್ತು ಕಂಪ್ಲಿ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಅರಮನೆಯವರು ಅಲ್ಲಿ ಅಭ್ಯರ್ಥಿಗಳಾಗಿ ನಿಲ್ಲುವಂತಿಲ್ಲ. ಇತರ ಪ್ರಜೆಗಳೊಡನೆ ಸಾಲಿನಲ್ಲಿ ನಿಂತು ಮತ ಹಾಕಬಹುದು.