ಕ್ಯಾನಿನಲ್ಲಿ ಉಳಿದ ಹಳೇ ಡೀಸೆಲ್: ಬಳಸಬಹುದಾ, ಬೇಡವಾ?

ಕಳೆದ ಬೇಸಿಗೆಯಲ್ಲಿ ಪಂಪ್‌ಸೆಟ್‌ಗೆ ಅಂತ ತಂದ ಡೀಸೆಲ್ ಇನ್ನೂ ಕ್ಯಾನಿನಲ್ಲೇ ಇದೆಯಾ? ಅಥವಾ ಹಳೇ ಎಂಜಿನ್ ಕೊಂಡಾಗ ಅದರ ಜೊತೆಗೆ ಅರ್ಧ ಡ್ರಮ್ ಎಣ್ಣೆಯೂ ಬಂತಾ? ಚೆಲ್ಲೋಕೆ ಮನಸ್ಸು ಬರಲ್ಲ, ನಿಜ. ಆದರೆ ನೋಡದೆ ಟ್ಯಾಂಕಿಗೆ ಸುರಿದರೆ, ಉಳಿದ ದುಡ್ಡಿಗಿಂತ ಹೆಚ್ಚು ಇಂಜೆಕ್ಷನ್ ಪಂಪ್ ರಿಪೇರಿಗೇ ಹೋಗಬಹುದು.

ಡೀಸೆಲ್ ಹಾಳಾಗೋದು ಹೇಗೆ?

ಬಿಗಿಯಾಗಿ ಮುಚ್ಚಿ ನೆರಳಿನಲ್ಲಿಟ್ಟ ಡೀಸೆಲ್ ಸಾಮಾನ್ಯವಾಗಿ 6 ತಿಂಗಳಿಂದ 1 ವರ್ಷ ಚೆನ್ನಾಗಿರುತ್ತೆ. ಅದರ ದೊಡ್ಡ ಶತ್ರು ನೀರು. ಅರ್ಧ ಖಾಲಿ ಇರುವ ಕ್ಯಾನಿನೊಳಗೆ ರಾತ್ರಿಯ ತಂಪಿಗೆ ಹನಿ ಕಟ್ಟುತ್ತೆ. ಡೀಸೆಲ್ ನೀರಿಗಿಂತ ಹಗುರ, ಹಾಗಾಗಿ ನೀರು ತಳ ಸೇರುತ್ತೆ. ಎರಡೂ ಸೇರುವ ಜಾಗದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆದು ಕಪ್ಪು ಲೋಳೆಯಾಗುತ್ತೆ. ಫಿಲ್ಟರ್ ಕಟ್ಟಿಕೊಳ್ಳೋದು ಇದರಿಂದ.

ಬಾಟಲಿ ಪರೀಕ್ಷೆ

1. ಕ್ಯಾನನ್ನು ಒಂದು ದಿನ ಅಲುಗಾಡಿಸದೆ ಇಡಿ.
2. ಕೈಪಂಪ್‌ನಿಂದ ತಳದ ಎಣ್ಣೆಯನ್ನು ಒಣಗಿದ ಗಾಜಿನ ಬಾಟಲಿಗೆ ತೆಗೆಯಿರಿ. ಬಾಯಿಂದ ಪೈಪ್ ಎಳೆಯಲೇಬೇಡಿ. ಡೀಸೆಲ್ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಯಾರಾದರೂ ನುಂಗಿದರೆ ವಾಂತಿ ಮಾಡಿಸಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.
3. ಒಂದು ಗಂಟೆ ಬಿಟ್ಟು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ.

ಏನು ಕಂಡರೆ ಏನು ಮಾಡಬೇಕು?

• ತಿಳಿಯಾಗಿದೆ, ತಳ ಸ್ವಚ್ಛ: ಬಳಸಬಹುದು.
• ತಳದಲ್ಲಿ ನೀರು, ಮೇಲೆ ತಿಳಿ: ಮೇಲಿನ ಎಣ್ಣೆ ಮಾತ್ರ ಬೇರೆ ಒಣ ಕ್ಯಾನಿಗೆ ತೆಗೆದು, ಮತ್ತೆ ಪರೀಕ್ಷೆ ಮಾಡಿ.
• ಮಬ್ಬು, ಕಪ್ಪು ಚೂರು, ಲೋಳೆ: ಎಂಜಿನ್‌ಗೆ ಬೇಡ.
• ಪೆಟ್ರೋಲ್ ವಾಸನೆ: ಮುಟ್ಟಲೇಬೇಡಿ.

ಪಾಸಾದ ಎಣ್ಣೆಯನ್ನು ಸಣ್ಣ ಜಾಲರಿಯ ಆಲಿಕೆಯಲ್ಲಿ ಸೋಸಿ, ಒಂದು ಪಾಲಿಗೆ ನಾಲ್ಕು ಪಾಲು ಹೊಸ ಡೀಸೆಲ್ ಸೇರಿಸಿ ಹಾಕಿ. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತೆ, ನೀರು ನಿಲ್ಲಲ್ಲ. ಇಂಥ ಎಣ್ಣೆ ಹಳೇ ಮಾದರಿಯ ಪಂಪ್‌ಸೆಟ್‌ಗೆ ಸಾಕು. ಕಾಮನ್ ರೈಲ್ ಇರುವ ಹೊಸ ಟ್ರ್ಯಾಕ್ಟರ್‌ಗೆ ಹಾಕಬೇಡಿ, ಅದರ ಇಂಜೆಕ್ಟರ್ ಬಲು ಸೂಕ್ಷ್ಮ.

ಒಲೆಗೆ ಬೇಡವೇ ಬೇಡ

"ಎಂಜಿನ್‌ಗೆ ಆಗದಿದ್ರೆ ಹಂಡೆ ಒಲೆಗೆ ಹಾಕೋಣ" ಅನ್ನೋರಿದ್ದಾರೆ. ಸ್ನಾನದ ಒಲೆ ಇರಲಿ, ಅಡಿಕೆ ಬೇಯಿಸುವ ಒಲೆ ಇರಲಿ, ಕೆಂಡದ ಮೇಲೆ ಡೀಸೆಲ್ ಬಿದ್ದರೆ ಆವಿಯಾಗಿ ಭಗ್ ಅಂತ ಹೊತ್ತಿಕೊಳ್ಳುತ್ತೆ. ಅದರಲ್ಲಿ ಪೆಟ್ರೋಲ್ ಬೆರೆತಿದ್ದರೆ ಬೆಂಕಿ ಕೈಯಲ್ಲಿರುವ ಕ್ಯಾನಿಗೇ ಬರಬಹುದು. ಮುಚ್ಚಿದ ಬಚ್ಚಲಲ್ಲಿ ಹೊಗೆಯೂ ವಿಷ.

ಎಂಜಿನ್‌ನಿಂದ ತೆಗೆದ ಕಪ್ಪು ಆಯಿಲ್ ಬೇರೆಯೇ ವಸ್ತು. ಅದರಲ್ಲಿ ಲೋಹದ ಕಣಗಳಿರುತ್ತವೆ. ಅದನ್ನು ಡೀಸೆಲ್‌ಗೆ ಬೆರೆಸಬೇಡಿ, ಸುಡಬೇಡಿ, ಹಳ್ಳಕ್ಕೆ ಚೆಲ್ಲಬೇಡಿ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಹಾಳಾದ ಡೀಸೆಲನ್ನೂ ಈ ಆಯಿಲನ್ನೂ ಬೇರೆ ಬೇರೆ ಕ್ಯಾನಿನಲ್ಲಿಟ್ಟು, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿನಲ್ಲಿ ವಿಚಾರಿಸಿ ಕೊಡಿ.

ಮುಂದಿನ ಸಲಕ್ಕೆ

ಬೇಕಾದಷ್ಟೇ ತನ್ನಿ. ಕ್ಯಾನಿನ ಮೇಲೆ ತಂದ ತಾರೀಕು ಬರೆಯಿರಿ. ಸತುವಿನ ಲೇಪ ಇರುವ ತಗಡಿನ ಡಬ್ಬದಲ್ಲಿ ಇಡಬೇಡಿ, ಸತು ಡೀಸೆಲ್ ಜೊತೆ ಸೇರಿ ಫಿಲ್ಟರ್ ಕಟ್ಟಿಸುತ್ತೆ. ಕ್ಯಾನನ್ನು ಮನೆಯಿಂದ, ಒಲೆಯಿಂದ ದೂರ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬಾಟಲಿ ನೋಡಿದ ಮೇಲೂ ಅನುಮಾನ ಉಳಿದರೆ, ಆ ಎಣ್ಣೆಯ ಆಸೆ ಬಿಟ್ಟುಬಿಡಿ.